ಬಿಚ್ಚಲು ಬರುವ ಅಂಟು: ಒಂದು ಫೋನ್ ರಿಪೇರಿ ಕಿಟ್ ಬಳಸಿ ನೋಡಿದ ಮೇಲೆ

ನಾಲ್ಕು ತಿಂಗಳ ಹಿಂದೆ ನನ್ನ ಫೋನಿನ ಬ್ಯಾಟರಿಯನ್ನು ನಾನೇ ಬದಲಿಸಿದೆ. ಅದಕ್ಕೆ ಬಳಸಿದ ಕಿಟ್‌ ಬಗ್ಗೆ ಈ ಬರಹ. ಕೊಳ್ಳಬಹುದೇ ಬೇಡವೇ ಎಂಬುದಷ್ಟೇ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬ್ಯಾಟರಿ ಉಬ್ಬಿಲ್ಲದಿದ್ದರೆ, ಮೂರು ಗಂಟೆ ಯಾರೂ ಕರೆಯದ ಬಿಡುವು ನಿಮಗಿದ್ದರೆ, ಕೊಳ್ಳಿ. ಅದರೊಳಗಿನ ಚಿಮುಟವನ್ನು ಮಾತ್ರ ನಂಬಬೇಡಿ. ಉಳಿದ ಮಾತೆಲ್ಲ ಅಂಟಿನದು. ಅಂಟಿನ ವಿಷಯದಲ್ಲಿ ನನಗೆ ಹೇಳಬೇಕಾದದ್ದು ಬಹಳ ಇದೆ.

ನಾನು ಶಾಲೆಯೊಂದರಲ್ಲಿ ಗ್ರಂಥಪಾಲಕಿ. 26 ವರ್ಷಗಳಿಂದ, ವರ್ಷದ ಕೊನೆಯ ರಜೆಯಲ್ಲಿ ಹರಿದ ಪುಸ್ತಕಗಳನ್ನು ಮೇಜಿನ ಮೇಲೆ ರಾಶಿ ಹಾಕಿಕೊಂಡು ಕೂರುತ್ತೇನೆ. ಬೆನ್ನು ಬಿಟ್ಟವು, ಫಾರಂ (ಮಡಚಿ ಹೊಲಿದ ಹಾಳೆಗಳ ಕಟ್ಟು) ಸಡಿಲವಾದವು, ರಟ್ಟು ಕಿತ್ತವು ಎಂದು ಮೂರು ಗುಂಪು ಮಾಡುತ್ತೇನೆ. ಈ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ನನಗೊಂದು ಪ್ರಶ್ನೆ ಕೇಳಿದ್ದರು: “ಈ ಪುಸ್ತಕವನ್ನು ನಿನ್ನ ನಂತರ ಯಾರು ಬಿಚ್ಚುತ್ತಾರೆ, ಗೊತ್ತೇನಮ್ಮಾ?” ಗೊತ್ತಿರಲಿಲ್ಲ. “ಗೊತ್ತಿಲ್ಲದ ಆ ಮನುಷ್ಯನನ್ನು ನೆನೆದುಕೊಂಡು ಅಂಟು ಹಚ್ಚು” ಎಂದರು. ಅದಕ್ಕೇ ನಾವು ಪಿಷ್ಟದ ಅಂಟು ಕಲಸುವುದು. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಅದು ತಾನಾಗಿ ಬಿಡುತ್ತದೆ, ಕಾಗದಕ್ಕೆ ಗಾಯವಾಗುವುದಿಲ್ಲ. ಓದುಗರು ಪ್ರೀತಿಯಿಂದಲೇ ಅಂಟಿಸಿ ತರುವ ಪಾರದರ್ಶಕ ಟೇಪು ಹಾಗಲ್ಲ. ಕೆಲವು ವರ್ಷಗಳಲ್ಲಿ ಟೇಪು ಒಣಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಹಳದಿ ಪಟ್ಟೆಯಾಗಿ ಉಳಿಯುತ್ತದೆ. ಆ ಪಟ್ಟೆಯ ಕೆಳಗಿನ ಅಕ್ಷರಗಳನ್ನು ಉಳಿಸಿಕೊಳ್ಳಲು ಎಷ್ಟೋ ಸಲ ನನಗೆ ಆಗಿಲ್ಲ.

ಇಷ್ಟೆಲ್ಲ ತಿಳಿದಿದ್ದೂ ಕೈಯಲ್ಲಿ ಹಿಡಿದ ಫೋನು ಕೂಡ ಅಂಟಿಸಿದ ವಸ್ತುವೇ ಎಂದು ಆರು ವರ್ಷ ನನಗೆ ಹೊಳೆದಿರಲಿಲ್ಲ.

ಫೋನಿಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ. ಕರೆ ಸರಿ, ಕ್ಯಾಮೆರಾ ಸರಿ, ಪರದೆಯ ಮೇಲೊಂದು ಗೀರೂ ಇಲ್ಲ. ಬ್ಯಾಟರಿ ಮಾತ್ರ ಸೋತಿತ್ತು. ಸೆಟ್ಟಿಂಗ್‌ನಲ್ಲಿ ನೋಡಿದರೆ ಹೊಸದಿದ್ದಾಗಿನ ಸಾಮರ್ಥ್ಯದ 71 ಶೇಕಡ ಉಳಿದಿದೆ ಎಂದು ತೋರಿಸುತ್ತಿತ್ತು. 30 ಶೇಕಡ ಇರುವಾಗಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಲಿಥಿಯಂ ಅಯಾನ್ ಬ್ಯಾಟರಿಯ ಹಣೆಬರಹವೇ ಅದು. ಚಾರ್ಜ್ ಮಾಡಿದಾಗಲೆಲ್ಲ ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ, ಬಳಸುವಾಗ ಮರಳುತ್ತವೆ, ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹಿಂದಿರುಗಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸವೆಯುವುದೇ ಅದರ ಸ್ವಭಾವ. ಸವೆಯುತ್ತದೆಂದು ಮಾಡಿದವರಿಗೂ ತಿಳಿದಿರುತ್ತದೆ. ತಿಳಿದಿದ್ದ ಮೇಲೆ, ಸವೆಯುವ ಭಾಗವನ್ನು ಸವೆಯದ ಭಾಗಗಳ ನಡುವೆ ಅಂಟಿಸಿ ಮುಚ್ಚಿದ್ದೇಕೆ?

ನಾನು ಹೋದ ಸೇವಾ ಕೇಂದ್ರದ ಹುಡುಗ ಕೆಟ್ಟವನಲ್ಲ. ಫೋನನ್ನು ಒಮ್ಮೆ ಮಗುಚಿ ನೋಡಿ, “ಮೇಡಂ, ಇದರ ಕಾಲ ಮುಗಿಯಿತು. ಇದಕ್ಕೆ ಖರ್ಚು ಮಾಡುವುದು ದಂಡ” ಎಂದ. ಅವನು ಕಲಿತದ್ದನ್ನು ಹೇಳಿದ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ‘ಕಾಲ ಮುಗಿಯಿತು’ ಎಂಬ ಮಾತು. ಯಾರ ಕಾಲ? ಯಾರು ಮುಗಿಸಿದ್ದು? ಪುಸ್ತಕದ ಬೆನ್ನು ಬಿಟ್ಟರೆ ಪುಸ್ತಕದ ಕಾಲ ಮುಗಿಯಿತು ಎಂದು ನಾನು ಯಾವ ಮಗುವಿಗೂ ಹೇಳಿದವಳಲ್ಲ.

ಅದೇ ವಾರ ಕಿಟ್ ತರಿಸಿದೆ. ಅಂಗೈಯಗಲದ ಪೆಟ್ಟಿಗೆ. ಒಳಗೆ ನನ್ನ ಮಾದರಿಯ ಫೋನಿಗೆ ಹೊಂದುವ ಬ್ಯಾಟರಿ, ಒಂದು ಹಿಡಿಗೆ ಬದಲಿಸಿ ಹಾಕಬಹುದಾದ ಆರು ಸ್ಕ್ರೂಡ್ರೈವರ್ ಮೊನೆಗಳು, ಗಾಜಿಗೆ ಅಂಟಿಸಿ ಎಳೆಯುವ ರಬ್ಬರ್ ಬಟ್ಟಲು, ಮೂರು ತ್ರಿಕೋನಾಕಾರದ ಪ್ಲಾಸ್ಟಿಕ್ ಬಿಲ್ಲೆಗಳು, ಮೀಟಲು ಒಂದು ಚಪ್ಪಟೆ ಪ್ಲಾಸ್ಟಿಕ್ ಕಡ್ಡಿ, ಚಿಮುಟ, ಹಿಂಬದಿಯ ಮುಚ್ಚಳಕ್ಕೆ ಹೊಸ ಅಂಟಿನ ಚೌಕಟ್ಟು, ಬ್ಯಾಟರಿಯ ಕೆಳಗೆ ಹಾಕಲು ಎರಡು ಅಂಟುಪಟ್ಟಿ. ಮೊನೆಗಳು ಉತ್ತಮ ಉಕ್ಕಿನವು, ತುದಿಯಲ್ಲಿ ಅಯಸ್ಕಾಂತದ ಗುಣವಿದೆ, ಸ್ಕ್ರೂ ಜಾರುವುದಿಲ್ಲ. ಹಿಡಿಯ ತೂಕ ಹದವಾಗಿದೆ. ಚಿಮುಟ ಮೊದಲ ಹತ್ತು ನಿಮಿಷದಲ್ಲೇ ಬಾಗಿತು. ಸೂಚನೆಯ ಹಾಳೆಯ ಅಕ್ಷರಗಳು ಎಷ್ಟು ಸಣ್ಣವೆಂದರೆ ನಾನು ಭೂತಗನ್ನಡಿ ಹಿಡಿಯಬೇಕಾಯಿತು. ಇಷ್ಟು ಮುತುವರ್ಜಿಯಿಂದ ಮೊನೆಗಳನ್ನು ಮಾಡಿದವರು ಅಕ್ಷರಗಳ ವಿಷಯದಲ್ಲಿ ಹೀಗೆ ಮಾಡಬಾರದಿತ್ತು. ರಿಪೇರಿ ಮಾಡಲು ಕೂರುವವರಲ್ಲಿ ನನ್ನ ವಯಸ್ಸಿನವರೂ ಇರುತ್ತಾರೆ.

ಕೆಲಸ ಆರಂಭಿಸುವ ಮೊದಲು ಬ್ಯಾಟರಿಯನ್ನು 25 ಶೇಕಡಕ್ಕಿಂತ ಕೆಳಗೆ ಇಳಿಸಿಕೊಳ್ಳಬೇಕು. ತುಂಬಿದ ಬ್ಯಾಟರಿಗೆ ತೂತು ಬಿದ್ದರೆ ಹೊತ್ತಿಕೊಳ್ಳುವ ಅಪಾಯ ಹೆಚ್ಚು. ಇದನ್ನು ಹಾಳೆಯಲ್ಲಿ ಹೇಳಿದ್ದಾರೆ, ಆದರೆ ನಾಲ್ಕನೆಯ ಸಾಲಿನಲ್ಲಿ. ಮೊದಲನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದ ಮಾತು ಅದು. ಉಬ್ಬಿದ ಬ್ಯಾಟರಿಯಾದರೆ ಈ ಕಿಟ್ ಮುಟ್ಟಲೇ ಬೇಡಿ, ಬಲ್ಲವರ ಕೈಗೆ ಕೊಡಿ.

ಹಿಂಬದಿಯ ಮುಚ್ಚಳ ತೆಗೆಯಲು 50 ನಿಮಿಷ ಹಿಡಿಯಿತು. ಅಂಚಿಗೆ ಬಿಸಿ ತೋರಿಸಬೇಕು, ರಬ್ಬರ್ ಬಟ್ಟಲು ಒತ್ತಿ ಎಳೆಯಬೇಕು, ಕೂದಲೆಳೆಯಷ್ಟು ಸಂದು ಬಿಟ್ಟಾಗ ಪ್ಲಾಸ್ಟಿಕ್ ಬಿಲ್ಲೆ ತೂರಿಸಬೇಕು, ಸುತ್ತಲೂ ಸರಿಸಬೇಕು. ಆ ಅಂಟು ಕಪ್ಪಗೆ ಜೋಲುತ್ತಾ ಎಳೆಎಳೆಯಾಗಿ ಬಂತು. ನೀರು ಒಳಹೋಗಬಾರದೆಂದು ಈ ಅಂಟು ಎಂದು ತಯಾರಕರು ಹೇಳುತ್ತಾರೆ. ಅದು ಸುಳ್ಳಲ್ಲ. ಒಮ್ಮೆ ತೆರೆದ ಮೇಲೆ ನನ್ನ ಫೋನು ಮೊದಲಿನಂತೆ ನೀರು ತಡೆಯುತ್ತದೆಂದು ನಾನು ನಂಬುವುದಿಲ್ಲ, ಕಿಟ್‌ನವರೂ ಹಾಗೆ ಭರವಸೆ ಕೊಟ್ಟಿಲ್ಲ. ಆದರೆ ಆಳ ನೀರಿನಲ್ಲಿ ಮುಳುಗುವವರ ಕೈಗಡಿಯಾರಗಳು ರಬ್ಬರ್ ಉಂಗುರ ಮತ್ತು ತಿರುಪಿನ ಬಲದಿಂದಲೇ ನೀರನ್ನು ಹೊರಗಿಡುತ್ತವೆ, ಮತ್ತೆ ತೆರೆಯಲೂ ಬರುತ್ತವೆ. ನೀರು ತಡೆಯಲು ಅಂಟು ಒಂದು ದಾರಿ, ಒಂದೇ ದಾರಿಯಲ್ಲ.

ಒಳಗೆ ಹದಿನಾರು ಸ್ಕ್ರೂಗಳು. ಎಲ್ಲವೂ ಒಂದೇ ಉದ್ದದವಲ್ಲ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಪದರವನ್ನೇ ಅದು ಕೊರೆದುಬಿಡಬಹುದು. ಫೋನಿನ ಅಳತೆಯ ಚಿತ್ರವನ್ನು ಕಾಗದದ ಮೇಲೆ ಬರೆದು, ತೆಗೆದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಇಡುತ್ತಾ ಹೋದೆ. ಬಿಚ್ಚಿದ ಪುಸ್ತಕದ ಫಾರಂಗಳನ್ನು ಕ್ರಮ ತಪ್ಪದಂತೆ ಇಡುವ ಅಭ್ಯಾಸ ಇಲ್ಲಿ ಕೈಹಿಡಿಯಿತು.

ಆಮೇಲೆ ಬ್ಯಾಟರಿ. ಅದರ ಕೆಳ ಅಂಚಿನಲ್ಲಿ ಎರಡು ಕಪ್ಪು ಬಾಲಗಳು ಮಡಚಿಕೊಂಡಿದ್ದವು. ಏನೆಂದು ತಿಳಿಯದೆ ಭೂತಗನ್ನಡಿ ಹಿಡಿದು ಹಾಳೆ ಓದಿದೆ. ಅವು ಎಳೆದು ತೆಗೆಯುವ ಅಂಟುಪಟ್ಟಿಗಳ ತುದಿಗಳು. ಬಾಲವನ್ನು ಬೆರಳಿಗೆ ಸುತ್ತಿಕೊಂಡು, ಫೋನಿನ ಮೈಗೆ ಸಮಾನಾಂತರವಾಗಿ, ನಿಧಾನವಾಗಿ ಎಳೆಯಬೇಕು. ಎಳೆದೆ. ಪಟ್ಟಿ ಹಿಗ್ಗಿತು. ಹಿಗ್ಗುತ್ತಾ ತೆಳ್ಳಗಾಯಿತು. ತೆಳ್ಳಗಾದಂತೆ ಅದರ ಹಿಡಿತ ತಾನಾಗಿ ಬಿಡುತ್ತಾ ಬಂತು. ಬಿಳಿಯ ರಿಬ್ಬನ್ನಿನಂತೆ ಒಂದು ಗೇಣಿಗಿಂತಲೂ ಉದ್ದ ಬಂದು ಕೊನೆಗೆ ಸಣ್ಣ ಸದ್ದಿನೊಂದಿಗೆ ಇಡಿಯಾಗಿ ಈಚೆ ಬಂತು. ಬ್ಯಾಟರಿಯ ಮೇಲೆ ಒಂದು ಕಲೆಯಿಲ್ಲ, ಕೆಳಗಿನ ಲೋಹದ ಮೇಲೂ ಇಲ್ಲ.

ನಾನು ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಈ ಫೋನನ್ನು ರೂಪಿಸಿದ ಕಡೆ, ಎಲ್ಲವನ್ನೂ ಮುಚ್ಚಿಬಿಡಿ ಎಂಬ ತೀರ್ಮಾನದ ನಡುವೆಯೂ, ಯಾರೋ ಒಬ್ಬರು ಮುಂದೆ ಇದನ್ನು ಬಿಚ್ಚುವವರೊಬ್ಬರು ಇದ್ದಾರೆಂದು ನೆನೆದಿದ್ದರು. ಅವರ ಹೆಸರು ನನಗೆ ಎಂದೂ ತಿಳಿಯುವುದಿಲ್ಲ. ಆರು ವರ್ಷಗಳ ಹಿಂದೆ ಅವರು ಮಡಚಿಟ್ಟ ಬಾಲವನ್ನು ಆ ದಿನ ನಾನು ಎಳೆದೆ. ನನ್ನ ಗುರುಗಳು ಹೇಳಿದ ‘ಗೊತ್ತಿಲ್ಲದ ಆ ಮನುಷ್ಯ’ ನಾನೇ ಆಗಿದ್ದೆ.

ಎರಡನೆಯ ಪಟ್ಟಿ ಅರ್ಧಕ್ಕೆ ತುಂಡಾಯಿತು. ಹಳೆಯದಾದ ಪಟ್ಟಿಗಳು ಹಾಗೆ ತುಂಡಾಗುವುದುಂಟು. ಬ್ಯಾಟರಿಯನ್ನು ಮೀಟಿ ಎಬ್ಬಿಸಬಾರದು, ಬಾಗಿದರೆ ಒಳಪದರಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತಬಹುದು. ಅಂಚಿನಲ್ಲಿ ಅಂಟು ಸಡಿಲಿಸಲು ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ನನ್ನ ಪುಸ್ತಕ ಹೊಲಿಯುವ ಮೇಣ ಸವರಿದ ದಾರವನ್ನು ಬ್ಯಾಟರಿಯ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಅತ್ತಿತ್ತ ಎಳೆದೆ. ಹತ್ತು ನಿಮಿಷಕ್ಕೆ ಬಿಟ್ಟಿತು. ಕಿಟ್‌ನಲ್ಲಿ ಒಂದು ಮೊಳ ಗಟ್ಟಿ ದಾರವಿಟ್ಟಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು.

ಹೊಸ ಬ್ಯಾಟರಿ ಕೂರಿಸಿ, ಫೋನ್ ಹಚ್ಚಿದಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು: ಈ ಭಾಗ ಅಸಲಿಯೆಂದು ಖಚಿತಪಡಿಸಲಾಗುತ್ತಿಲ್ಲ. ಬ್ಯಾಟರಿಯ ಆರೋಗ್ಯ ತೋರಿಸುತ್ತಿದ್ದ ಪುಟವೂ ಮಾಯವಾಯಿತು. ಇದು ಇನ್ನೊಂದು ಬಗೆಯ ಅಂಟು. ಕಣ್ಣಿಗೆ ಕಾಣದ್ದು, ಬಿಸಿಗೆ ಕರಗದ್ದು. ಒಂದೊಂದು ಭಾಗಕ್ಕೂ ಒಂದು ಗುರುತು ಕೊಟ್ಟು, ತಾವು ಒಪ್ಪದ ಭಾಗ ಬಂದರೆ ಯಂತ್ರವೇ ಮುನಿಸಿಕೊಳ್ಳುವಂತೆ ಮಾಡುವ ಈ ಕ್ರಮವನ್ನು ತಡೆಯುವ ಕಾನೂನು 2024ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಬಂತು. ನಕಲಿ ಬ್ಯಾಟರಿ ಅಪಾಯಕಾರಿ ಎಂಬ ತಯಾರಕರ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ಒಳ್ಳೆಯ ಬ್ಯಾಟರಿಯನ್ನು ಎಲ್ಲರಿಗೂ ಸಿಗುವಂತೆ ಅವರೇ ಮಾರಲಿ. ನಾನು ಅದನ್ನೇ ಕೊಳ್ಳುತ್ತಿದ್ದೆ.

1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಪತ್ರಿಕೆಗಳು ಕೆಸರಿನಲ್ಲಿ ಮುಳುಗಿದವು. ಅವನ್ನು ಉಳಿಸಲು ಹಲವು ದೇಶಗಳಿಂದ ಬೈಂಡಿಂಗ್ ಬಲ್ಲವರು ಹೋದರು. ಅವರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ಸನ್ ಎಂಬ ಆಂಗ್ಲ ಸಂರಕ್ಷಕ ಒಂದು ಸಂಗತಿ ಗಮನಿಸಿದರು: ತೆಳು ಚರ್ಮದ ಮೆತ್ತನೆಯ ಹೊದಿಕೆ ಹಾಕಿ, ಅಂಟನ್ನು ಆದಷ್ಟು ಕಡಿಮೆ ಬಳಸಿ ಹೊಲಿದಿದ್ದ ಹಳೆಯ ಪುಸ್ತಕಗಳು ನೀರನ್ನು ತಾಳಿಕೊಂಡಿದ್ದವು. ಗಟ್ಟಿಯಾಗಿ ಕಾಣುತ್ತಿದ್ದವುಗಳಿಗಿಂತ ಅವೇ ಗಟ್ಟಿ. ಮಾಡಿದ ದುರಸ್ತಿಯನ್ನು ಮುಂದಿನವರು ಹಿಂದೆ ತೆಗೆಯಲು ಬರಬೇಕು ಎಂಬ ನಿಯಮ ನಮ್ಮ ಕಸುಬಿನಲ್ಲಿ ಬೇರೂರಲು ಆ ಪ್ರವಾಹದ ಅನುಭವವೂ ಕಾರಣ. ಅದರ ಹಿಂದೆ ಒಂದು ವಿನಯವಿದೆ. ನಾನು ಮಾಡಿದ್ದೇ ಕೊನೆಯ ಮಾತಲ್ಲ, ನನಗಿಂತ ಬಲ್ಲವರು ನಾಳೆ ಬರಬಹುದು, ಅವರ ಕೈಗೆ ದಾರಿ ಬಿಟ್ಟಿರಬೇಕು ಎಂಬ ವಿನಯ. ಎರಡು ಹಲಗೆಗಳ ನಡುವೆ ನಾವು ಏನು ಹಚ್ಚುತ್ತೇವೆ ಎಂಬುದರಲ್ಲೇ ಮುಂದಿನ ತಲೆಮಾರಿನ ಬಗ್ಗೆ ನಮ್ಮ ಅಭಿಪ್ರಾಯ ಏನೆಂಬುದು ಗೊತ್ತಾಗುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ.

ಬಿಚ್ಚುವವರು ಎಂದರೆ ನನ್ನಂತೆ ಮೇಜಿನ ಮುಂದೆ ದೀಪ ಹಚ್ಚಿಕೊಂಡು ಕೂರುವವರಷ್ಟೇ ಅಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು ಎಂದು ವಿಶ್ವಸಂಸ್ಥೆಯ ಲೆಕ್ಕ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆಯಿರುವುದು 22.3 ಶೇಕಡಕ್ಕೆ ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಬರಿಗೈಯಲ್ಲಿ, ಸುತ್ತಿಗೆಯಲ್ಲಿ, ಬೆಂಕಿಯಲ್ಲಿ ಬಿಚ್ಚಿಸಿಕೊಳ್ಳುತ್ತದೆ. ಘಾನಾದ ಅಗ್ಬೊಗ್ಬ್ಲೋಶಿ ಎಂಬ ಗುಜರಿ ಬಯಲಿನಲ್ಲಿ ತಾಮ್ರಕ್ಕಾಗಿ ತಂತಿ ಸುಡುತ್ತಿದ್ದ ಹುಡುಗರ ಚಿತ್ರಗಳನ್ನು ನೋಡಿದವರಿಗೆ ಆ ಕಪ್ಪು ಹೊಗೆ ಮರೆಯುವುದಿಲ್ಲ. ತೆಗೆಯಲು ಬಾರದ ಬ್ಯಾಟರಿ ಕಸದ ಲಾರಿಯಲ್ಲೋ ಪುಡಿ ಮಾಡುವ ಯಂತ್ರದಲ್ಲೋ ಜಜ್ಜಿಹೋದರೆ ಹೊತ್ತಿಕೊಳ್ಳುತ್ತದೆ. ಅಲ್ಲಿ ದುಡಿಯುವವನಿಗೆ ನಾನು ಎಳೆದಂತೆ ಎಳೆಯಲು ಬಾಲವಿಲ್ಲ.

ಅಂಟಿನ ಇನ್ನೊಂದು ತುದಿ ನೆಲದೊಳಗಿದೆ. 1980ರಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಆಕ್ಸ್‌ಫರ್ಡ್‌ನಲ್ಲಿ ಬ್ಯಾಟರಿಯಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸುವ ಬಗೆಯನ್ನು ತೋರಿಸಿದರು, 1991ರಲ್ಲಿ ಅಂಥ ಬ್ಯಾಟರಿ ಮಾರುಕಟ್ಟೆಗೆ ಬಂತು, 2019ರಲ್ಲಿ ಅವರಿಗೂ ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಇನ್ನಿಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಜಗತ್ತಿನ ಕೋಬಾಲ್ಟ್ ಗಣಿಗಾರಿಕೆಯಲ್ಲಿ ಸುಮಾರು 70 ಶೇಕಡ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು, ಅಲ್ಲಿನ ಕೊಲ್ವೇಜಿಯ ಸುತ್ತ ಕೈಯಿಂದಲೇ ಸುರಂಗ ತೋಡುವವರಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ನನ್ನ ಬ್ಯಾಟರಿಯಲ್ಲಿ ಇರುವುದು ಕೆಲವೇ ಗ್ರಾಂ. ಬ್ಯಾಟರಿ ಬದಲಿಸಿದ್ದರಿಂದ ಆ ಋಣ ತೀರಲಿಲ್ಲ, ಹೊಸ ಬ್ಯಾಟರಿಯೊಂದಿಗೆ ಅದು ಇನ್ನಷ್ಟು ಸೇರಿತು. ಇಡೀ ಫೋನನ್ನೇ ಹೊಸದಾಗಿ ಕೊಂಡಿದ್ದರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತಿತ್ತು. ಫೋನೊಂದು ತನ್ನ ಬಾಳಿನಲ್ಲಿ ಗಾಳಿಗೆ ಬಿಡುವ ಇಂಗಾಲದ ಬಹುಪಾಲು ಅದರ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ.

ಆ ದಿನ ನನಗೆ ದೀಪ ಹಿಡಿದು ಕೂತಿದ್ದವಳು ನನ್ನ ಅಣ್ಣನ ಮಗಳು. ಅವಳ ಪ್ರಶ್ನೆ ನೇರವಾಗಿತ್ತು: “ಅತ್ತೆ, ನೀವೊಬ್ಬರು ಬ್ಯಾಟರಿ ಬದಲಿಸಿದರೆ ಲೋಕದಲ್ಲಿ ಏನು ಬದಲಾಗುತ್ತದೆ?” ಚಿಮುಟದ ತುದಿಯಲ್ಲಿ ಸ್ಕ್ರೂ ಇತ್ತು, ಉತ್ತರಿಸಲಿಲ್ಲ. ಆಮೇಲೂ ಉತ್ತರ ಸುಲಭವಾಗಿ ಬರಲಿಲ್ಲ. ಆರು ಕೋಟಿ ಟನ್ನಿನ ಮುಂದೆ ನನ್ನ ಫೋನು ಏನೂ ಅಲ್ಲ, ಕಾನೂನು ಬದಲಾಗದೆ ಒಬ್ಬೊಬ್ಬರ ಸಜ್ಜನಿಕೆಯಿಂದ ಈ ರಾಶಿ ಕರಗುವುದಿಲ್ಲ. ಕಾನೂನು ಬದಲಾಗುತ್ತಲೂ ಇದೆ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. 2024ರಲ್ಲಿ ಬಂದ ಐಫೋನ್ 16ರಲ್ಲಿ ಒಂಬತ್ತು ವೋಲ್ಟ್ ವಿದ್ಯುತ್ ಹಾಯಿಸಿದರೆ ಹಿಡಿತ ಬಿಡುವ ಅಂಟು ಬಳಸಿದ್ದಾರೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೂ ಅವಳ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಬೇರೆ. ಗ್ರೀಕ್ ಮೂಲದ ಅರಸ ಮಿಲಿಂದ ರಥದಲ್ಲಿ ಬಂದಾಗ ಭಿಕ್ಷು ನಾಗಸೇನ ಅವನನ್ನು ಕೇಳಿದನಂತೆ: ರಥ ಎಂದರೆ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಕೊಡುವ ಹೆಸರಷ್ಟೇ ರಥ ಎಂಬಲ್ಲಿಗೆ ಆ ಮಾತು ಬರುತ್ತದೆ. ಈ ಕಥೆಯನ್ನು ಅವಳಿಗೆ ಹೇಳಿ, ನನ್ನ ಕಡೆಯಿಂದ ಒಂದನ್ನು ಸೇರಿಸಿದೆ. ಕೂಡುವ ಬಗೆಯೂ ಮುಖ್ಯ ಮಗು. ಬಿಚ್ಚಿ ಮತ್ತೆ ಕೂಡಿಸಲು ಬರುವ ರಥಕ್ಕೆ ಗಾಲಿ ಮುರಿದರೆ ಗಾಲಿಯಷ್ಟೇ ಹೋಗುತ್ತದೆ. ಬಿಚ್ಚಲು ಬಾರದ ರಥಕ್ಕೆ ಗಾಲಿ ಮುರಿದರೆ ರಥವೇ ಹೋಗುತ್ತದೆ. ಮನೆತನಗಳೂ ಹಾಗೆ, ಸಂಘಸಂಸ್ಥೆಗಳೂ ಹಾಗೆ. ತಪ್ಪನ್ನು ತೆಗೆದು ಸರಿಯನ್ನು ಕೂರಿಸಲು ಸಂದು ಇಟ್ಟುಕೊಂಡವು ಬಾಳುತ್ತವೆ. ಅವಳು ತಲೆಯಾಡಿಸಿದಳು, ಒಪ್ಪಿದಳೋ ಇಲ್ಲವೋ ಹೇಳಲಾರೆ.

ಈಗ ನಾಲ್ಕು ತಿಂಗಳ ನಂತರದ ಮಾತು. ಬೆಳಿಗ್ಗೆ ಚಾರ್ಜ್ ಮಾಡಿದರೆ ಮಲಗುವ ಹೊತ್ತಿಗೆ 40 ಶೇಕಡ ಉಳಿದಿರುತ್ತದೆ. ಬಿಸಿಯಾಗುವುದಿಲ್ಲ. ಮುಚ್ಚಳದ ಅಂಟು ಒಂದು ಮೂಲೆಯಲ್ಲಿ ಸರಿಯಾಗಿ ಕೂತಿಲ್ಲ, ಬೆರಳಿಗೆ ತಗಲುತ್ತದೆ. ಎಚ್ಚರಿಕೆಯ ಸಂದೇಶ ಕೆಲವು ದಿನ ಕಾಡಿ ಈಗ ಸೆಟ್ಟಿಂಗ್‌ನ ಒಳಪುಟದಲ್ಲಿ ಮಾತ್ರ ಉಳಿದಿದೆ. ಹಳೆಯ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ವಿದ್ಯುನ್ಮಾನ ಕಸ ಸಂಗ್ರಹಿಸುವವರಿಗೆ ಒಪ್ಪಿಸಿದೆ. ಹೊಸ ಬ್ಯಾಟರಿಯ ಕೆಳಗೂ ಎಳೆಯುವ ಬಾಲಗಳನ್ನು ಹಿಂದಿನವರಂತೆಯೇ ಮಡಚಿಟ್ಟಿದ್ದೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಚಿಮುಟಕ್ಕೂ ಆ ಸಣ್ಣ ಅಕ್ಷರಗಳಿಗೂ ಹೋಯಿತು.

ಎರಡು ವಾರಗಳ ಹಿಂದೆ ಅಣ್ಣನ ಮಗಳು ತನ್ನದೇ ಫೋನ್ ಹಿಡಿದುಕೊಂಡು ಬಂದಳು. ಬೇರೆ ತಯಾರಕರದು, ಮೂರೇ ವರ್ಷದ್ದು. ಇಬ್ಬರೂ ಸೇರಿ ಮುಚ್ಚಳ ತೆಗೆದೆವು. ಅಂಚಿನಿಂದ ಅಂಚಿಗೆ ಅಂಟು ಮೆತ್ತಿದ್ದರು, ಎಳೆಯುವ ಬಾಲಗಳಿರಲಿಲ್ಲ, ದಾರ ತೂರಿಸಲೂ ಸಂದಿಲ್ಲ. ಅವಳು ದೀಪವನ್ನು ಇನ್ನಷ್ಟು ಹತ್ತಿರ ತಂದು ನಾಲ್ಕೂ ಮೂಲೆ ಹುಡುಕಿದಳು. “ಯಾರೂ ನೆನೆದಿಲ್ಲ ಅತ್ತೆ” ಎಂದಳು. ಸ್ಕ್ರೂಗಳನ್ನು ಕಾಗದದ ಮೇಲಿಂದ ಒಂದೊಂದಾಗಿ ಎತ್ತಿ, ಅವವುಗಳ ಜಾಗದಲ್ಲೇ ಕೂರಿಸಿ, ಮುಚ್ಚಳ ಒತ್ತಿ, ಬಲ್ಲವರ ಬಳಿ ಕಳುಹಿಸಿದೆವು.